ಕುಡತಾ ಬಿಡಸ್ಲಿಕ್ಕೆ ಕೋರ್ಟು ದೇವರನ್ನ ಗೊತ್ತುಮಾಡಬೇಕೇನು?

ಹೋದ ವಾರ ಮಾಳಗಿ ಮ್ಯಾಲೆ ಕೂತು ಅರಳಸಂಡಗಿ ಹಾಕ್ಲಿಕತ್ತಿದ್ದೆ. ಎರಡೂ ಕೈ ಹಿಟ್ಟು. ಅಷ್ಟರಾಗ ಫೋನು ಬಡಕೊಳ್ಳಿಕ್ಕೆ ಸುರು ಆತು. ನಮ್ಮ ಚಿಗವ್ವನ ಮಗಳು. ಇಕಿ ಸುಮ್ಸುಮ್ನ ಹೊತ್ತಲ್ಲದ ಹೊತ್ತಿನಾಗ ಫೋನ್ ಮಾಡಾಕಿ ಅಲ್ಲ ಅಂತ ಮೊಣಕೈಲೆ ಒತ್ತಿ ಎತ್ತಿದೆ. ಆ ಕಡಿಂದ ಬರೇ ಅಳೂದು. ಕಡೀಕೆ ಹೇಳಿದ್ಲು, "ಅಕ್ಕಾ, ನನ್ನ ಮಗನ್ನ ಅಮೆರಿಕಾದ ಕೋರ್ಟಿನವರು ಚರ್ಚಿಗೆ ಕಳಿಸ್ಲಿಕತ್ತಾರ. ವಾರಕ್ಕ ಎರಡು ಸಲ ಹೋಗಿ ಚೀಟಿ ಮ್ಯಾಲೆ ಸಹಿ ಹಾಕಿಸ್ಕೊಂಡು ಬರಬೇಕಂತ."

ಕುಡತದ ಮಾತು ಅಕಿ ಮೊದಲ ಹೇಳ್ಲೇ ಇಲ್ಲ ನೋಡ್ರಿ. ಚರ್ಚಿನ ಮಾತು ಮೊದಲ ಬಂತು. ಆಮ್ಯಾಲೆ ಬಿಡಿಸಿ ಬಿಡಿಸಿ ಕೇಳಿದಾಗ ಗೊತ್ತಾತು, ಹುಡುಗ ಯಾರದೋ ಮನಿ ಪಾರ್ಟಿಗೆ ಹೋಗಿ ಕುಡದು, ಅದ ಕಾರು ತಾನ ಓಡಿಸ್ಕೊಂಡು ಬರೋವಾಗ ಪೊಲೀಸರ ಕೈಗೆ ಸಿಕ್ಕಾನ. ಲೈಸೆನ್ಸು ಹೋತು, ದಂಡ ಬಿತ್ತು, ಅದರ ಜೋಡಿ ಈ ಸಭಾ. ಮೊದಲಿಗೆ ನಾ ಅಕಿಗೆ ಬೈದೆ. ಯಾರರೆ ಗಾಡಿ ಕೆಳಗ ಬಂದಿದ್ರ ಏನ್ ಮಾಡ್ತಿದ್ದೀ ಅಂತ. ಆದ್ರ ರಾತ್ರಿ ಮಲಕೊಂಡ ಮ್ಯಾಲೆ ಆ ಚೀಟಿ ಮಾತು ತಲಿಯಿಂದ ಹೋಗಲೇ ಇಲ್ಲ. ಮರುದಿನ ಹುಡುಗಗ ನಾನ ಫೋನ್ ಮಾಡಿದೆ.

"ದೊಡ್ಡವ್ವಾ, ಅದು ಚರ್ಚಿನ ಪೂಜಾ ಅಲ್ಲ, ಅವರ ನೆಲಮನಿಯಾಗ ಒಂದು ಖೋಲಿ ಬಾಡಿಗಿ ಹಿಡಿದಿರ್ತಾರ" ಅಂದ. "ಛೋಲೋ ಮಂದಿ. ಚಹಾ ಕಾಫಿ ಕೊಡ್ತಾರ, ತಮ್ಮ ತಮ್ಮ ಕತಿ ಹೇಳ್ತಾರ. ಆದ್ರ ಕಡೀಕೆ ಎಲ್ಲಾರೂ ಎದ್ದು ನಿಂತು ಕೈ ಕೈ ಹಿಡಕೊಂಡು ಕ್ರಿಸ್ತರ ಪ್ರಾರ್ಥನಾ ಹೇಳ್ತಾರ. ನಾ ಸುಮ್ನ ತುಟಿ ಅಲ್ಲಾಡಸ್ತೇನಿ. ಸಹಿ ಬೇಕಲ್ಲ."

ಈ ಸಭಾದ ಹೆಸರು ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲಾರೂ ಎಎ ಅಂತಾರ. 1935ರಾಗ ಓಹಾಯೋ ರಾಜ್ಯದ ಆಕ್ರನ್ ಅನ್ನೋ ಊರಾಗ ಇಬ್ಬರು ಕುಡುಕರು, ಒಬ್ಬಾಂವ ಶೇರು ವ್ಯಾಪಾರದಾಂವ, ಇನ್ನೊಬ್ಬಾಂವ ಆಪರೇಶನ್ ಮಾಡೋ ಡಾಕ್ಟರು, ಒಬ್ಬರಿಗೊಬ್ಬರು ಆಸರಾಗಿ ಬಿಟ್ಟರು. ಅದರ ಬೇರು ಇದ್ದದ್ದು ಆಕ್ಸ್‌ಫರ್ಡ್ ಗ್ರೂಪ್ ಅನ್ನೋ ಒಂದು ಕ್ರಿಸ್ತಭಕ್ತರ ಗುಂಪಿನಾಗ. ಅವರದು ಹನ್ನೆರಡು ಮೆಟ್ಟಲು. ಅದರಾಗ ಆರು ಮೆಟ್ಟಲಿನೊಳಗ ದೇವರರೆ ಬರ್ತಾನ, ನಮಗಿಂತ ದೊಡ್ಡ ಶಕ್ತಿ ಅನ್ನೋ ಮಾತರೆ ಬರ್ತದ. ನಿನ್ನ ದೇವರು ನಿನಗ ತಿಳಿದಂಗ ಇರಲಿ ಅಂತನೂ ಹೇಳ್ತಾರ, ಅದು ದೊಡ್ಡ ಮನಸ್ಸು. ಆದ್ರ ದೇವರ ಇಲ್ಲ ಅನ್ನಾಂವ ಏನ್ ಮಾಡಬೇಕು? ಬುದ್ಧನ್ನ ನಂಬಿದಾಂವ ಏನ್ ಮಾಡಬೇಕು?

ಹುಡುಗ ನನಗ ಕೆಲವು ಹಳೇ ಖಟ್ಲೆ ಹೇಳಿದ. ಕೇಳಿದ್ರ ಕತಿ ಇದ್ದಂಗ ಅವ.

ನ್ಯೂಯಾರ್ಕ್ ರಾಜ್ಯದ ಆರೆಂಜ್ ಕೌಂಟಿಯಾಗ ಒಬ್ಬಾಂವ ಕುಡದು ಗಾಡಿ ಓಡಿಸಿ 1990ರಾಗ ಸಿಕ್ಕಿಬಿದ್ದ. ಎಎಗೆ ಹೋಗೂದು ಶಿಕ್ಷಾದ ಷರತ್ತು. ಅಂವಾ ನಾಸ್ತಿಕ. ಹೋದ, ಕೂತ, ಕಡೀಕೆ ತಡಕೊಳ್ಳಲಾರದ ಕೇಸ್ ಹಾಕಿದ. ಬ್ಯಾರೆ ದಾರಿ ಕೊಡಲಾರದ ಪ್ರಾರ್ಥನಾ ಇರೋ ಸಭಾಕ್ಕ ಅಟ್ಟಿದ್ದು ಸಂವಿಧಾನಕ್ಕ ವಿರೋಧ ಅಂತ ಕೋರ್ಟು ಹೇಳ್ತು. ಪರಿಹಾರ ಎಷ್ಟು ಕೊಟ್ರು ಗೊತ್ತೇನು? ಒಂದು ಡಾಲರು! ನಮ್ಮ ಸಂತ್ಯಾಗ ಕೊತಂಬರಿ ಸೂಡು ಕೊಂಡು ಚಿಲ್ಲರ ಉಳದಂಗ. ನಾ ನಕ್ಕೆ. ಆದ್ರ ಹುಡುಗ ಅಂದ, "ದೊಡ್ಡವ್ವಾ, ಅಂವಗ ರೊಕ್ಕ ಬೇಕಾಗಿದ್ದಿಲ್ಲ, ಆ ಮಾತು ಬೇಕಾಗಿತ್ತು."

ಅದ ರಾಜ್ಯದಾಗ ಜೇಲಿನೊಳಗಿನ ಇನ್ನೊಬ್ಬಂದು ಕೇಳಿದ್ರ ನಿಮಗ ಹೆಚ್ಚು ತಿಳೀತದ. ಅಲ್ಲೆ ಕೆಲವು ಜೇಲಿನಾಗ ಹೆಂಡ್ತಿ ಮಕ್ಕಳು ಬಂದು ಕೈದಿ ಜೋಡಿ ಮನ್ಯಾಗ ಇದ್ದಂಗ ಇರೋ ಅವಕಾಶ ಅದ. ಇಂವ ಎಎ ಮಾದರಿ ಸಭಾಕ್ಕ ಹೋದ್ರ ಮಾತ್ರ ಆ ಅವಕಾಶ ಕೊಡ್ತೇವಿ ಅಂದ್ರಂತ. ಮಕ್ಕಳ ಮುಖ ತೋರಿಸಿ ದೇವರ ಮುಂದ ಕೈ ಮುಗಿ ಅನ್ನೂದು! 1996ರಾಗ ಆ ರಾಜ್ಯದ ಎಲ್ಲಾಕಿಂತ ಮ್ಯಾಲಿನ ಕೋರ್ಟು ಅದು ತಪ್ಪು ಅಂತು.

ಹವಾಯಿಯಾಗ ಒಬ್ಬ ಬೌದ್ಧ ಇದ್ದ. ಅಂವಂದು ಕುಡತ ಅಲ್ಲ, ಮಾದಕವಸ್ತು. ನನ್ನ ಧರ್ಮಕ್ಕ ಇದು ಒಗ್ಗಂಗಿಲ್ಲ ಅಂತ ಮೊದಲ ಹೇಳಿದ್ದ. ಮಾತು ಕೇಳಲಿಲ್ಲ, ಸಭಾಕ್ಕ ಹೋಗಲಿಲ್ಲ ಅಂತ ಮತ್ತ ಜೇಲಿಗೆ ಹಾಕಿದ್ರು. ಖಟ್ಲೆ ಮುಗಿಯೂದ್ರಾಗ ಅಂವಾ ತೀರಿಕೊಂಡ. ಮಗ ಅದನ್ನ ಬಿಡಲಿಲ್ಲ, ನಡಿಸಿದ. 2007ರಾಗ ತೀರ್ಪು ಬಂತು. ಇದು ತಪ್ಪು ಅಂತ ಆ ಅಧಿಕಾರಿಗೆ ಮೊದಲ ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ ಅಂತ ತಪ್ಪಿಸ್ಕೊಳ್ಳಿಕ್ಕೆ ಬರಂಗಿಲ್ಲ ಅಂದ್ರು. ಅಪ್ಪ ಕೇಳಲಿಲ್ಲ ಆ ಮಾತು. ಮಗ ಕೇಳಿದ.

ಕ್ಯಾಲಿಫೋರ್ನಿಯಾದಾಂವಂದು ಇನ್ನೂ ಮಜಾ. ಜೇಲಿನಿಂದ ಬಿಟ್ಟ ಮ್ಯಾಲೆ ಇಂಥಾದ್ದ ಒಂದು ಚಿಕಿತ್ಸಾ ಕೇಂದ್ರಕ್ಕ ಕಳಿಸಿದ್ರು. ನಾ ನಾಸ್ತಿಕ, ದೇವರಿಲ್ಲದ್ದು ಒಂದು ತೋರಸ್ರಿ, ಹೋಗ್ತೇನಿ ಅಂದ. ಅಂವಾ ಗದ್ಲ ಮಾಡ್ತಾನ, ಆದ್ರ ನಯವಾಗಿ ಮಾಡ್ತಾನ ಅಂತ ಕೇಂದ್ರದವರು ವರದಿ ಕೊಟ್ಟರಂತ. ನಯವಾಗಿ ಗದ್ಲ! ನಮ್ಮ ಮನಿ ಸೊಸ್ತೇರೆಲ್ಲಾ ಮಾಡೋದು ಅದ ಅಲ್ಲೇನು? ಅಷ್ಟಕ್ಕ ನೂರು ದಿನಕ್ಕೂ ಹೆಚ್ಚು ಮತ್ತ ಜೇಲು. ಕಡೀಕೆ 2014ರಾಗ ಸರಕಾರ ಮತ್ತ ಆ ಕೇಂದ್ರದವರು ಕೂಡಿ ಸುಮಾರು 19 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು. ಒಂದು ಡಾಲರಿನಿಂದ ಎಲ್ಲಿಗೆ ಬಂತು ನೋಡ್ರಿ.

ಈಗ ನಮ್ಮ ಓಣಿಯಾಗ ಇದನ್ನ ಹೇಳಿದ್ರ ಎಲ್ಲಾರೂ ಒಂದ ಮಾತು ಅಂದ್ರು. ಕುಡಿಯೂದು ಬಿಟ್ರ ಸಾಕಲ್ರೀ, ಯಾವ ದೇವರಾದ್ರೇನು? ಕುಡುಕನ ಮನ್ಯಾಗ ಬಾಳಿದಾಕಿಗೆ ಈ ಸ್ವಾತಂತ್ರ್ಯ ಗೀತಂತ್ರ್ಯ ಎಲ್ಲಾ ಸೊಕ್ಕಿನ ಮಾತು ಅನಸ್ತದ. ನನಗೂ ಅನಸ್ತಿತ್ತು. ಅದಕ್ಕ ನಾ ನಮ್ಮ ಅಣ್ಣಂದು ಹೇಳಬೇಕು. ನಿಮ್ಮಾಗ ಭಾಳ ಮಂದಿ ಅವನ್ನ ನೋಡೀರಿ.

ಅಣ್ಣ ಕುಡೀತಿದ್ದ. ನಮ್ಮವ್ವ, ನಾನು, ವೈನಿ ಮೂವರೂ ಕೂಡಿ ಅವನ್ನ ಮನಿದೇವರ ಗುಡಿಗೆ ಕರಕೊಂಡು ಹೋದ್ವಿ. ಕರಕೊಂಡು ಅಂದ್ರ ಎಳಕೊಂಡು. ಬರಲಿಲ್ಲಂದ್ರ ವೈನಿ ಮಕ್ಕಳನ್ನ ಕರಕೊಂಡು ತವರಿಗೆ ಹೋಗ್ತಾಳ ಅಂತ ಹೆದರಿಸಿದಾಕಿ ನಾನ. ಭಂಡಾರ ಮುಟ್ಟಿಸಿ ಆಣಿ ಮಾಡಿಸಿದ್ವಿ. ಹನ್ನೊಂದು ದಿನ ಬಿಟ್ಟಿದ್ದ. ಹನ್ನೆರಡನೇ ದಿನ ಕುಡದು ಬಂದ. ಆಮ್ಯಾಲೆ ಏನಾತಂದ್ರ, ಅಂವಾ ದೇವರ ಮನಿ ಕಡೆ ಮುಖ ಮಾಡೋದ ಬಿಟ್ಟ. ಅದಕ್ಕ ಮೊದಲ ಎಷ್ಟು ಕುಡದ್ರೂ ಬೆಳಿಗ್ಗೆ ಸ್ನಾನ ಮಾಡಿ ದೀಪಕ್ಕ ಎಣ್ಣಿ ಹಾಕಿ ಕೈ ಮುಗಿದು ಹೋಗ್ತಿದ್ದ. ಆಣಿ ಮುರಿದ ಮ್ಯಾಲೆ ಹೊಸ್ತಿಲ ದಾಟಲಿಲ್ಲ. ಹಬ್ಬದ ದಿನ ನೈವೇದ್ಯ ಆಗೋತನಾ ಹೊರಗ ಕಟ್ಟಿ ಮ್ಯಾಲೆ ಕೂತಿರ್ತಿದ್ದ. ಒಂದು ಸಲ ಕೇಳಿದೆ, ಒಳಗ ಬಾರೋ ಅಂದೆ. "ನೀವೆಲ್ಲಾ ಕೂಡಿ ಅವನ್ನ ಸಾಕ್ಷಿ ಮಾಡಿಟ್ಟೀರಿ, ಹೆಂಗ ಬರ್ಲಿ" ಅಂದ. ಕುಡತಾ ಹೋಗಲಿಲ್ಲ, ಇದ್ದ ದೇವರೂ ಹೋದ. ನಲವತ್ತೇಳಕ್ಕ ಅಂವನೂ ಹೋದ.

ನಾ ದೇವರನ್ನ ನಂಬೋ ಹೆಂಗಸು. ಏಕಾದಶಿ ಬಿಟ್ಟಿಲ್ಲ, ಶ್ರಾವಣದ ಶುಕ್ರವಾರ ಬಿಟ್ಟಿಲ್ಲ. ನಂಬೋರಿಗೇ ಈ ಮಾತು ಹೆಚ್ಚು ನಟ್ಟಬೇಕು ಅಂತೀನಿ. ಹೆದರಿಸಿ ಮುಗಿಸಿದ ಕೈಯಾಗ ಏನದ?

ನಮ್ಮ ಕಡೆ ಧರ್ಮಸ್ಥಳದವರು ಊರೂರಾಗ ಮದ್ಯವರ್ಜನ ಶಿಬಿರ ಮಾಡ್ತಾರ. ಭಜನಿ ಇರ್ತದ, ಮಂದಿ ಅಳ್ತಾರ, ಹೆಂಡ್ತಿ ಮಕ್ಕಳು ಬರ್ತಾರ, ಎಷ್ಟೋ ಮನಿ ಉಳದಾವ. ಅದಕ್ಕ ನಾ ಒಂದು ಅಕ್ಷರ ಅನ್ನಂಗಿಲ್ಲ. ಎಎ ಸಭಾಕ್ಕೂ ಅನ್ನಂಗಿಲ್ಲ. 2020ರಾಗ ಕಾಕ್ರೇನ್ ಅನ್ನೋ ವೈದ್ಯಕೀಯ ಸಂಸ್ಥೆಯವರು ಭಾಳ ಅಧ್ಯಯನ ಒಟ್ಟುಗೂಡಿಸಿ ನೋಡಿ, ಪೂರ್ತಿ ಕುಡತಾ ಬಿಟ್ಟು ಇರೋದ್ರಾಗ ಎಎ ದಾರಿ ಬ್ಯಾರೆ ಚಿಕಿತ್ಸಾಕ್ಕಿಂತ ಕಡಿಮಿ ಏನಿಲ್ಲ, ಕೆಲವು ಕಡೆ ಮ್ಯಾಲೇ ಅದ ಅಂತ ಹೇಳ್ಯಾರ. ಅಂದ್ರ ಔಷಧ ಕೆಟ್ಟದ್ದಲ್ಲ. ಆದ್ರ ಎಎದವರ ನೇಮ ಏನದ? ಒಳಗ ಬರಲಿಕ್ಕೆ ಬೇಕಾದದ್ದು ಒಂದ, ಕುಡತಾ ಬಿಡಬೇಕನ್ನೋ ಆಸೆ. ಕೋರ್ಟಿನ ಚೀಟಿ ಹಿಡಕೊಂಡು ಬಂದಾಂವಗ ಇರೋ ಆಸೆ ಸಹಿದು. ಹಂಗ ನೋಡಿದ್ರ ಕೋರ್ಟು ಎಎದವರ ಮಡಿನೂ ಕೆಡಿಸ್ತು.

ನಮ್ಮ ಹಿಂದಿನ ಮನಿ ಚಾಚಿಗೆ ಇದನ್ನ ಹೇಳಿದೆ. ಅಕಿ ಮಗಂದೂ ಇದ ಗೋಳು. ನಾ ಕೇಳಿದೆ, ನಾಳೆ ನಮ್ಮೂರ ನ್ಯಾಯಾಧೀಶರು ನಿಮ್ಮ ಮಗಗ ಭಜನಿಗೆ ಹೋಗು, ಇಲ್ಲಂದ್ರ ಜೇಲು ಅಂದ್ರ? ಅಕಿ ಸುಮ್ನ ಕೂತ್ಲು. ಆಮ್ಯಾಲೆ "ಬಿಡೂದಾದ್ರ ಕಳಿಸ್ತಿದ್ನಿ ಬಾಯಿ, ಖರೆ ಹೇಳ್ತೇನಿ" ಅಂದ್ಲು. ತಾಯಿ ಕರುಳು ಹಂಗ. ನಮ್ಮವ್ವನೂ ಯಾವ ದೇವರಾದ್ರೂ ಬಿಡ್ತಿದ್ದಿಲ್ಲ. ಆದ್ರ ತಾಯಿ ಕಳಿಸೋದು ಬ್ಯಾರೆ, ಸರಕಾರ ಕಳಿಸೋದು ಬ್ಯಾರೆ. ತಾಯಿ ಹತ್ರ ಬೇಡಿ ಇಲ್ಲ.

ನಮ್ಮ ದೇಶದಾಗೂ 1986ರಾಗ ಸುಪ್ರೀಂ ಕೋರ್ಟಿನವರು ಕೇರಳದ ಮೂರು ಮಕ್ಕಳ ಖಟ್ಲೆಯಾಗ ಇಂಥಾದ್ದ ಮಾತು ಹೇಳ್ಯಾರ. ಆ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ತಿದ್ರು, ತಮ್ಮ ಧರ್ಮಕ್ಕ ಬರಂಗಿಲ್ಲಂತ ಹಾಡ್ತಿದ್ದಿಲ್ಲ. ಸಾಲಿಯಿಂದ ಹೊರಗ ಹಾಕಿದ್ರು. ಕೋರ್ಟು ಒಳಗ ಕರಕೊಳ್ರಿ ಅಂತು. ಗೌರವ ಕೊಟ್ಟು ನಿಂತಾರ, ಬಾಯಿ ಬಿಡಿಸ್ಲಿಕ್ಕೆ ಬರಂಗಿಲ್ಲ.

ಹಂಗಾರ ಕುಡದು ಗಾಡಿ ಓಡಿಸಿದಾಂವನ್ನ ಬಿಡಬೇಕೇನು? ಬಿಡಬ್ಯಾಡ್ರಿ. ಲೈಸೆನ್ಸು ಕಸಗೋರಿ. ಕಾರಿಗೆ ಊದೋ ಮಶೀನು ಹಾಕ್ರಿ, ಊದಿ ಪಾಸಾದ್ರ ಮಾತ್ರ ಗಾಡಿ ಸುರು ಆಗ್ತದಂತ, ಅದು ಭಾಳ ಶಾಣ್ಯಾ ಮಶೀನು, ನಮ್ಮಲ್ಲೂ ಬರಬೇಕು. ಡಾಕ್ಟರ ಕಡೆ ಕಳಸ್ರಿ. ಸಭಾಕ್ಕೂ ಕಳಸ್ರಿ, ಆದ್ರ ಎರಡು ಮೂರು ಬಾಗಿಲ ತೋರಿಸಿ ಕಳಸ್ರಿ. ದೇವರಿಲ್ಲದ ಸಭಾನೂ ಅಲ್ಲೆ ಅವ. 1994ರಿಂದ ಸ್ಮಾರ್ಟ್ ರಿಕವರಿ ಅಂತ ಅದ, ಮನಸ್ಸಿನ ಹಟ ಹೆಂಗ ತಡಕೊಳ್ಳೂದು ಅಂತ ಕಲಿಸ್ತಾರ. ಹೆಂಗಸರಿಗಂತನ 1975ರಾಗ ಒಬ್ಬ ಬಾಯಿ ಬ್ಯಾರೆ ಸಂಸ್ಥಾ ಕಟ್ಯಾಳ. ಹಿಂಗ ಆರಿಸ್ಕೊಳ್ಳಿಕ್ಕೆ ಬಿಟ್ರ ಯಾರದೂ ತಕರಾರು ಉಳಿಯಂಗಿಲ್ಲ.

ನಮ್ಮ ಹುಡುಗ ವಕೀಲನ ಕಡಿಂದ ಕೇಳಿಸಿದ. ನ್ಯಾಯಾಧೀಶರು ಸಿಟ್ಟಿಗೇಳಲಿಲ್ಲ, ದೇವರಿಲ್ಲದ ಸಭಾದ ಸಹಿನೂ ನಡೀತದ ಅಂದ್ರು. ಅಂವಾ ಈಗ ಅಲ್ಲೆ ಹೋಗ್ತಾನ. ಇದರಾಗ ತಮಾಶಾ ಏನಂದ್ರ, ವಾರಕ್ಕೊಮ್ಮೆ ಆ ಹಳೇ ನೆಲಮನಿಗೂ ಹೋಗ್ತಾನ, ಚೀಟಿ ಇಲ್ಲದ. ಅಲ್ಲೊಬ್ಬ ಮುದುಕ ದಿನಾ ರಾತ್ರಿ ಇವಗ ಫೋನ್ ಮಾಡಿ ಇವತ್ತು ಹೆಂಗ ಇದ್ದೀ ಅಂತ ಕೇಳ್ತಾನಂತ. ಪ್ರಾರ್ಥನಾ ಬಂದಾಗ ಏನ್ ಮಾಡ್ತೀ ಅಂದೆ. "ಈಗ ತುಟಿ ಅಲ್ಲಾಡ್ಸೂದಿಲ್ಲ ದೊಡ್ಡವ್ವಾ, ಸುಮ್ನ ನಿಲ್ತೇನಿ. ಯಾರೂ ಏನೂ ಅನ್ನಂಗಿಲ್ಲ" ಅಂದ.

ಅವರವ್ವಗ ಮಾತ್ರ ಇನ್ನೂ ಸಮಾಧಾನ ಇಲ್ಲ. ಮನಿದೇವರ ಪ್ರಸಾದ, ಕುಂಕುಮ, ಒಂದು ಡಬ್ಬಿ ನನ್ನ ಅರಳಸಂಡಗಿ ಎಲ್ಲಾ ಕೂಡಿಸಿ ಪಾರ್ಸೆಲ್ ಕಳಿಸ್ಲಿಕತ್ತಾಳ. ಕಳಸು, ಆದ್ರ ಹಚ್ಚಕೊಳ್ಳಲಿಲ್ಲಂದ್ರ ನನ್ನ ಹೆಣಾ ನೋಡ್ತೀ ಅಂತ ಆಣಿ ಹಾಕಬ್ಯಾಡ ಅಂತ ಹೇಳೇನಿ. ಹೂಂ ಅಂದಾಳ. ಚೀಟಿ ಬರದು ಒಳಗ ಇಟ್ಟಾಳೊ ಏನೊ, ನಾ ಡಬ್ಬಿ ತಗದು ನೋಡಿಲ್ಲ.