ಕೂಸಿನ ಕಿವಿ ಕೇಳುತ್ತಿದೆಯೇ?

ದಡ್ಡಿ-ಮೋಹನಗಾ ಭಾವೇಶ್ವರಿ ಜಾತ್ರೆಯ ಗದ್ದಲದಲ್ಲೂ ಮಗಳ ಮಾತು ತಾಯಿಗೆ ತಿಳಿಯುತ್ತದೆ. ಮಿದುಳಿನ ಶ್ರವಣ ಭಾಗದ ನರಕೋಶಗಳು ಆ ಮಾತಿನ ಲಯ ಹಿಡಿದು ಒಟ್ಟಾಗಿ ಮಿಡಿಯುತ್ತವೆ. ಈ ಮಿಡಿತದಲ್ಲಿ ಸೆಕೆಂಡಿಗೆ 4ರಿಂದ 8 ಸಲ ಏಳುವ ನಿಧಾನದ ಅಲೆ ಅಕ್ಷರಗಳನ್ನು ಬಿಡಿಸಿಕೊಂಡರೆ, 30ಕ್ಕೂ ಮೀರಿದ ವೇಗದ ಅಲೆ ‘ಕ’ಕಾರ, ‘ಗ’ಕಾರದ ಸೂಕ್ಷ್ಮ ವ್ಯತ್ಯಾಸ ತಿಳಿಯಲು ನೆರವಾಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಈ ವಿವರಣೆಯ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ, ಇರಲಿ.

ಮಿದುಳು ಹೀಗೆ ಲಯ ಹಿಡಿಯುವುದರ ಉಪಯೋಗವಂತೂ ಕೈಗೆ ಬಂದಿದೆ. ಮಲಗಿದ ಕೂಸಿನ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಲಯಬದ್ಧವಾಗಿ ಏರಿಳಿಯುವ ಸ್ವರ ಕೇಳಿಸುತ್ತಾರೆ. ಮಿದುಳು ಅದೇ ಲಯಕ್ಕೆ ಸ್ಪಂದಿಸದಿದ್ದರೆ ಶ್ರವಣದೋಷದ ಸುಳಿವು ಸಿಕ್ಕಂತೆ. ಮಾತು ಬರಲಿ ಎಂದು ಎರಡು ವರ್ಷ ಕಾಯುವುದು ತಪ್ಪು. ಹುಟ್ಟಿದ ತಿಂಗಳೊಳಗೆ ಮೊದಲ ಶ್ರವಣ ತಪಾಸಣೆ ಆಗಬೇಕು. ಹುಕ್ಕೇರಿ, ಗೋಕಾಕ, ಮೂಡಲಗಿಯ ಪೋಷಕರು ಮೊದಲ ಲಸಿಕೆ ಹಾಕಿಸುವಾಗಲೇ ವೈದ್ಯರನ್ನು ಕೇಳಿ ಈ ತಪಾಸಣೆಯನ್ನೂ ಮಾಡಿಸಲಿ.