ಅಪ್ಪನ ಆಂಟೆನಾ, ಗೋವಾದ ದೋಣಿ

ಮಹದಾಯಿ ಅಂದ ಕೂಡಲೇ ನಮ್ಮ ನೇಸರಗಿ ಕಡೆಯವರಿಗೆ ನೆನಪಾಗೋದು ಕಳಸಾ-ಬಂಡೂರಿ. ಆ ನೀರು ಮಲಪ್ರಭೆಗೆ ಬರಲಿ ಅನ್ನೋ ಕೂಗು ಕೇಳ್ತಾನೇ ಬೆಳೆದವರು ನಾವು. ಆ ನದಿಯ ಹೆಸರಿನದೊಂದು ಹಾಯಿದೋಣಿ ಇದೆ ಅಂತ ಗೊತ್ತಾಗಿದ್ದು ಮಾತ್ರ ನಾನು ಗೋವಾಕ್ಕೆ ಕೆಲಸಕ್ಕೆ ಬಂದ ಮೇಲೆ. ನೌಕಾಪಡೆಯ 'ಮ್ಹಾದೇಯಿ', 56 ಅಡಿ ಉದ್ದ, ಕಟ್ಟಿದ್ದು ಇಲ್ಲೇ. 2009-10ರಲ್ಲಿ ದಿಲೀಪ್ ದೋಂದೆ ಅದರಲ್ಲಿ ಒಬ್ಬರೇ ಜಗತ್ತು ಸುತ್ತಿದರು. 2012-13ರಲ್ಲಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿ ಬಂದರು.

ಹೋದ ತಿಂಗಳು ಮಾಂಡೋವಿ ದಂಡೆಯಲ್ಲಿ ಒಂದು ಸಣ್ಣ ಹಾಯಿದೋಣಿಯನ್ನು ಹತ್ತಿರದಿಂದ ನೋಡಿದೆ. ಕಂಬದ ತುದಿಯಿಂದ ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ಬಿಗಿದ ಉಕ್ಕಿನ ತಂತಿಗಳು. ನನ್ನ ಕಣ್ಣಿಗೆ ಬಂದಿದ್ದು ನಮ್ಮ ಮಾಳಿಗೆ ಮೇಲಿನ ಟಿವಿ ಆಂಟೆನಾ.

ಆಗ ನಾನು 7ನೇ ತರಗತಿ. ಅವ್ವಗ ಬಟ್ಟೆ ಒಣಹಾಕಾಕ ತಂತಿ ಬೇಕಾಗಿತ್ತು. ಆಂಟೆನಾ ಪೈಪಿಗೆ ಮೂರು ತಂತಿ ಇದ್ವು, ಒಂದನ್ನ ಬಿಚ್ಚಿ ಕೊಟ್ಟೆ. "ಇನ್ನೂ ಎರಡ ಅದಾವಲ್ಲ" ಅಂತ ಜಂಬ ಬೇರೆ. ಸಂಜೆ ಬಿರುಗಾಳಿ ಎದ್ದಿತು. ಪೈಪು ಹೋಗಿ ಬಿದ್ದಿದ್ದು ಪಕ್ಕದ ಮನೆ ಅಂಗಳದಾಗ. ಮಳೆ ಹನಿ ಬಿತ್ತು ಅಂತ ಆ ಮನೆಯ ಅಜ್ಜಿ ಕೂಸನ್ನ ಆಗಷ್ಟೇ ಒಳಗೆ ಎತ್ತಿಕೊಂಡು ಹೋಗಿದ್ದಳು. ಅಪ್ಪ ಹೊಡೀಲಿಲ್ಲ. "ಕಂಬ ನಿಂತಿದ್ದು ಬುಡದ ಮ್ಯಾಲ ಅಲ್ಲೋ ತಮ್ಮಾ, ತಂತಿ ಮ್ಯಾಲ" ಅಂದ, ಅಷ್ಟೇ. ಹೊಡೆದಿದ್ದರೆ ಮರೆತೇಬಿಡ್ತಿದ್ದೆ.

ದೋಣಿಯದೂ ಇದೇ ಲೆಕ್ಕ. ಮುಂದಿನ ತಂತಿ ಫೋರ್‌ಸ್ಟೇ, ಹಿಂದಿನದು ಬ್ಯಾಕ್‌ಸ್ಟೇ, ಪಕ್ಕದವು ಶ್ರೌಡ್. ಹಾಯಿ ಏರಿಸುವ ಹಗ್ಗಗಳು ಓಡಾಡುತ್ತವೆ, ಇವು ಮಾತ್ರ ಬಿಗಿದಲ್ಲೇ ಇರಬೇಕು. ಗಾಳಿ ಎಡದಿಂದ ಬಂದರೆ ಭಾರವೆಲ್ಲ ಎಡದ ತಂತಿಗೆ, ಬಲದ್ದು ಸಡಿಲ. ದೋಣಿ ತಿರುಗಿತು ಅಂದರೆ ಪಾಳಿ ಅದಲುಬದಲು. ತಂತಿ ನಡುವಿನಲ್ಲಿ ಹರಿಯೋದು ಅಪರೂಪ. ತುದಿಯ ಲೋಹದ ಗೂಡಿನೊಳಗೆ ಉಪ್ಪುನೀರು ನಿಂತು, ಅಲ್ಲೇ ತುಕ್ಕು, ಅಲ್ಲೇ ಬಿರುಕು. ದೋಣಿಯವರು ಮೆತ್ತನೆ ಕಾಗದವನ್ನ ತಂತಿಯುದ್ದಕ್ಕೂ ಸವರಿ ತೋರಿಸಿದರು. ಎಲ್ಲಾದರೂ ಸಿಕ್ಕಿಕೊಂಡು ಹರಿದರೆ ಅಲ್ಲೊಂದು ಎಳೆ ಕಡಿದಿದೆ ಅಂತ. ಬೆರಳಲ್ಲಿ ನೋಡಿದರೆ ಬೆರಳೇ ಕುಯ್ಯುತ್ತೆ.

ಎಷ್ಟು ಬಿಗಿದರೂ ಸಮುದ್ರ ಕೇಳಬೇಕಲ್ಲ. 2018ರ ಸೆಪ್ಟೆಂಬರ್‌ನಲ್ಲಿ, ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿದ್ದ ಟಾಮಿಯ 'ತುರಿಯಾ' ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಉರುಳಿತು. ಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟು. ಫ್ರಾನ್ಸ್‌ನ ಹಡಗು ಬಂದು ಎತ್ತಿಕೊಳ್ಳೋತನಕ ಮೂರು ದಿನ ದೋಣಿಯಲ್ಲೇ ಮಲಗಿದ್ದರು. ಕಂಬ ಮುರಿದರೆ ಅದನ್ನು ಕಾಯುತ್ತಿದ್ದ ತಂತಿಗಳೇ ವೈರಿ. ಮುರಿದ ತುಂಡನ್ನ ಬಿಡದೆ ಹಿಡಿದಿರ್ತವೆ, ಅದು ದೋಣಿಯ ಮೈಗೆ ಬಡೀತಾನೇ ಇರುತ್ತೆ. ಅದಕ್ಕೇ ದೂರ ಹೋಗುವವರು ತಂತಿ ಕತ್ತರಿಸೋ ಕಟರ್ ಇಟ್ಟುಕೊಂಡೇ ಹೊರಡೋದು. ಟಾಮಿ 2022ರಲ್ಲಿ ಮತ್ತೆ ಅದೇ ರೇಸ್‌ಗೆ ಹೊರಟು, 2023ರಲ್ಲಿ ಎರಡನೆಯವರಾಗಿ ಮುಗಿಸಿದರು.

ಇದನ್ನೆಲ್ಲ ರಾತ್ರಿ ಫೋನಿನಲ್ಲಿ ಅಪ್ಪಗ ಹೇಳಿದೆ. ಪೂರ್ತಿ ಕೇಳಿ, "ಓಣಿ ಮೂಲ್ಯಾಗಿನ ಕರೆಂಟ್ ಕಂಬದ ಸ್ಟೇ ತಂತಿಗೆ ಮತ್ತ ಎಮ್ಮಿ ಕಟ್ಟ್ಯಾರ" ಅಂದ. ಆ ತಂತಿ ನಡುವಿನ ಪಿಂಗಾಣಿ ಗುಂಡು ಒಡೆದಿದ್ದರೆ ಮಳೆಗಾಲದಲ್ಲಿ ಕರೆಂಟ್ ಕೆಳಗಿನತನಕ ಇಳಿಯಬಹುದು. ಎಳೆದಾಡಿ ತಂತಿ ಸಡಿಲಾದರೆ ಕಂಬವೂ ವಾಲುತ್ತೆ.

"ಯಾರಿಗಾದ್ರೂ ಹೇಳಿದೇನಪಾ?" ಅಂದೆ.

"ಬಿಚ್ಚಿ ನಮ್ಮ ಬೇವಿನ ಗಿಡಕ್ಕ ಕಟ್ಟಿ ಬಂದೀನಿ. ಮುಂಜಾನೆ ಲೈನ್‌ಮನ್‌ಗ ಹೇಳ್ತೀನಿ."