ಬಾಟಲಿಯಲ್ಲಿ ಬಂದ ದಾಸವಾಳ

ಪುದೀನ ಬಿಡಿಸುವಾಗ ಎಲೆಯನ್ನು ಪಾತ್ರೆಗೆ ಹಾಕಿ ಕಡ್ಡಿಯನ್ನು ಎಸೆದುಬಿಡುತ್ತೇವೆ. ಮುಂದಿನ ಸಲ ನಾಲ್ಕೈದು ಗಟ್ಟಿ ಕಡ್ಡಿಗಳನ್ನು ಎತ್ತಿಟ್ಟುಕೊಳ್ಳಿ. ತುದಿಯ ಎಲೆಗಳನ್ನಷ್ಟೇ ಉಳಿಸಿ, ಒಂದು ಗ್ಲಾಸು ನೀರಿನಲ್ಲಿ ಅಡುಗೆಮನೆಯ ಕಿಟಕಿಯ ಬಳಿ ಇಡಿ. ವಾರ ಹತ್ತು ದಿನಗಳಲ್ಲಿ ಬಿಳಿಯ ಬೇರುಗಳು ಕಾಣಿಸುತ್ತವೆ. ಫ್ಲ್ಯಾಟಿನಲ್ಲಿದ್ದೇವೆ, ಅಂಗಳವಿಲ್ಲ, ಗಿಡ ಸಾಕುವುದು ಹೇಗೆ ಎಂದು ಕೇಳುವ ಸಹೋದರಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಕ್ಕಳಿಗೂ ತೋರಿಸಿ. ಬೇರು ಬೆಳೆಯುವುದನ್ನು ನೋಡಲು ಅವರಿಗೆ ಬೇರೆಲ್ಲಿ ಸಿಗುತ್ತದೆ?

ಇದನ್ನು ನಾನು ಬಹಳ ದಿನ ಆಟವೆಂದೇ ತಿಳಿದಿದ್ದೆ. ಸರಿಯಾಗಿ ಕಲಿತದ್ದು ತವರುಮನೆ ಕೆಡವುವ ಹೊತ್ತಿಗೆ. ಅಲ್ಲಿ ಬಾವಿಕಟ್ಟೆಯ ಪಕ್ಕ ಉಮ್ಮ ನೆಟ್ಟ ಕೆಂಪು ದಾಸವಾಳವಿತ್ತು, ಐದೆಸಳಿನದ್ದು. ಅದರ ಎಲೆ ಅರೆದು ನಮ್ಮೆಲ್ಲರ ತಲೆಗೆ ಹಚ್ಚಿ ಮೀಯಿಸಿದವರು ಅವರು. ಹಳೆ ಮನೆ ತೆಗೆದು ಹೊಸದು ಕಟ್ಟುವುದೆಂದು ಅಣ್ಣಂದಿರು ತೀರ್ಮಾನಿಸಿದರು. ಬುಡ ಸಮೇತ ಕಿತ್ತು ತರುವಷ್ಟು ಸಣ್ಣ ಗಿಡವಲ್ಲ. ಜೆಸಿಬಿ ಬರುವ ಮೂರು ದಿನ ಮೊದಲು ಹೋಗಿ ಒಂಬತ್ತು ಗೆಲ್ಲು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಒಂಬತ್ತರಲ್ಲಿ ಏಳು ಸತ್ತವು. ಮತ್ತೆ ಹೋಗಿ ಕತ್ತರಿಸೋಣವೆಂದರೆ ಅಲ್ಲಿ ಗಿಡವಿಲ್ಲ. ನಿಮಗೆ ಹಾಗಾಗಬಾರದೆಂದು ಆ ಏಳರ ಕಥೆ ಹೇಳುತ್ತೇನೆ.

ಮೂರನ್ನು ಅವಸರದಲ್ಲಿ ಸಿಕ್ಕಲ್ಲಿ ಕತ್ತರಿಸಿದ್ದೆ. ಕಡ್ಡಿಯಲ್ಲಿ ಎಲೆ ಹುಟ್ಟುವ ಜಾಗದಲ್ಲಿ ಒಂದು ಗಂಟು ಇರುತ್ತದಲ್ಲ, ಬೇರು ಸುಲಭವಾಗಿ ಬರುವುದು ಅಲ್ಲಿಂದ. ಚಿಗುರಿನಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಕೆಳಗಿಳಿಯುತ್ತದೆ. ಕತ್ತರಿಸಿದ ತುದಿಯಲ್ಲಿ ಅದು ಸೇರಿಕೊಂಡಾಗ ಬೇರು ಒಡೆಯುತ್ತದೆ. ಆದ್ದರಿಂದ ಗಂಟಿನ ಕೆಳಗೆ ಕಾಲು ಇಂಚು ಬಿಟ್ಟು ಹರಿತವಾದ ಚೂರಿಯಿಂದ ಕತ್ತರಿಸಬೇಕು. ನಾನು ಎರಡು ಗಂಟುಗಳ ನಡುವೆ ಕತ್ತರಿಸಿದ್ದೆ, ಉಳಿದ ಉದ್ದನೆಯ ತುಂಡು ನೀರಿನಲ್ಲಿ ಕೊಳೆಯಿತು. ಸಾಲದ್ದಕ್ಕೆ ಮೊಗ್ಗುಗಳನ್ನೂ ಚಿವುಟಿರಲಿಲ್ಲ. ಹೂವಿನಾಸೆ! ಕಡ್ಡಿಯ ಶಕ್ತಿಯೆಲ್ಲ ಅದಕ್ಕೇ ಹೋಯಿತು. ಐದಾರು ಇಂಚು ಉದ್ದ, ಪೆನ್ಸಿಲಿನ ದಪ್ಪ, ತುದಿಯಲ್ಲಿ ಎರಡು ಮೂರು ಎಲೆ. ಅಷ್ಟು ಸಾಕು.

ಇನ್ನೆರಡು ಸತ್ತದ್ದು ನೀರಿನಿಂದ. ಎಲೆಗಳು ನೀರಿನೊಳಗೆ ಮುಳುಗಿ ಕೊಳೆತು ವಾಸನೆ ಬಂದಿತ್ತು. ನೀರಿಗೆ ಗಂಟು ಮುಳುಗಲಿ, ಎಲೆ ಮುಳುಗಬಾರದು. ಬೇರಿಗೂ ಉಸಿರು ಬೇಕು. ನಿಂತ ನೀರಿನಲ್ಲಿ ಗಾಳಿಯ ಅಂಶ ಕಡಿಮೆಯಾಗುತ್ತದೆ, ಅದಕ್ಕೇ ಮೂರು ದಿನಕ್ಕೊಮ್ಮೆ ನೀರು ಬದಲಿಸುವುದು. ನಳ್ಳಿ ನೀರಾದರೆ ಹಿಂದಿನ ರಾತ್ರಿಯೇ ಹಿಡಿದಿಡಿ. ಬಾಟಲಿಗೆ ಕಂದು ಕಾಗದ ಸುತ್ತಿದರೆ ಪಾಚಿ ಕಟ್ಟುವುದಿಲ್ಲ. ಬೆಳಕು ಬೇಕು, ಸುಡುವ ಬಿಸಿಲು ಬೇಡ.

ನೀರು ಬದಲಿಸಲು ಇನ್ನೊಂದು ಕಾರಣವಿದೆ. ಇದನ್ನು ಉದಾಸೀನ ಮಾಡಬೇಡಿ. ಡೆಂಗಿ ಹರಡುವ ಸೊಳ್ಳೆ ಬೆಳೆಯುವುದು ಇಂಥ ತಿಳಿ ನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಮೊಟ್ಟೆಗಳು ನೀರಿನ ಮಟ್ಟದ ಮೇಲೆ ಬಾಟಲಿಯ ಒಳಗೋಡೆಗೆ ಅಂಟಿಕೊಂಡಿರುತ್ತವೆ, ನೀರು ಚೆಲ್ಲಿದರೂ ಹೋಗುವುದಿಲ್ಲ. ಬಾಟಲಿಯನ್ನು ಬ್ರಶ್ ಹಾಕಿ ತಿಕ್ಕಿ ತೊಳೆಯಬೇಕು. ಬಾಯಿಗೆ ಹತ್ತಿ ತುರುಕಿದರೆ ಇನ್ನೂ ಒಳ್ಳೆಯದು. ಮನಿಪ್ಲಾಂಟನ್ನು ವರ್ಷಗಟ್ಟಲೆ ಷೋಕೇಸಿನ ಮೇಲೆ ನೀರಿನಲ್ಲೇ ಇಡುವವರು ಇದನ್ನು ಮರೆಯುವುದೇ ಹೆಚ್ಚು. ಆ ಎಲೆ ಕಚ್ಚಿದರೆ ಬಾಯಿ ಉರಿಯುತ್ತದೆ, ಪುಟ್ಟ ಮಕ್ಕಳಿಗೆ ಎಟುಕದಂತಿರಲಿ.

ಕೊನೆಯ ಎರಡರದ್ದು ಹೊಟ್ಟೆ ಉರಿಸುವ ಕಥೆ. ತಿಂಗಳಾಗುವಾಗ ಬೇರು ಬಂದಿತ್ತು. ಇನ್ನಷ್ಟು ಬರಲಿ ಎಂದು ಕಾದೆ. ಬೇರು ಕೂದಲಿನಂತೆ ಸುತ್ತಿಕೊಂಡ ಮೇಲೆ ಚಟ್ಟಿಗೆ ನೆಟ್ಟೆ, ನಾಲ್ಕೇ ದಿನದಲ್ಲಿ ಬಾಡಿತು. ನೀರಿನಲ್ಲಿ ಹುಟ್ಟಿದ ಬೇರು ಬಲು ಮೆದು, ಮಣ್ಣಿನ ಅಭ್ಯಾಸವಿಲ್ಲ, ಬೇಗ ಮುರಿಯುತ್ತದೆ. ಒಂದೆರಡು ಇಂಚು ಆದೊಡನೆ ಮಣ್ಣಿಗೆ ಹಾಕಿಬಿಡಬೇಕು. ಮಣ್ಣು, ಹೊಯಿಗೆ, ಹಳೆಯ ಹಟ್ಟಿಗೊಬ್ಬರ ಬೆರೆಸಿ, ಬೆರಳಿನಿಂದ ಗುಳಿ ಮಾಡಿ ಮೆಲ್ಲನೆ ಇಳಿಸಿ, ಒತ್ತಬೇಡಿ. ಮೊದಲ ವಾರವಿಡೀ ಮಣ್ಣು ಒದ್ದೆಯಾಗಿರಲಿ, ನೆರಳಿನಲ್ಲಿರಲಿ. ಆಮೇಲೆ ಸ್ವಲ್ಪಸ್ವಲ್ಪವೇ ಬೆಳಗಿನ ಬಿಸಿಲು ತೋರಿಸಿ. ಇಷ್ಟು ತಿಳಿಯುವ ಹೊತ್ತಿಗೆ ನನ್ನ ಬಳಿ ಉಳಿದದ್ದು ಎರಡೇ ಕಡ್ಡಿ.

ಹೊಸಬರು ದಾಸವಾಳದಿಂದ ಆರಂಭಿಸಬೇಡಿ. ಪುದೀನ, ಬಸಳೆ, ಕಾಮಕಸ್ತೂರಿ, ದೊಡ್ಡಪತ್ರೆ ಇವು ಬೇಸರ ಮಾಡುವುದಿಲ್ಲ. ಬಣ್ಣದೆಲೆಯ ಕೋಲಿಯಸ್ ಅಂತೂ ವಾರದೊಳಗೇ ಬೇರು ಬಿಡುವುದುಂಟು. ಗುಲಾಬಿ, ಮಲ್ಲಿಗೆಗಳನ್ನು ನೇರ ಮಣ್ಣಿಗೆ ಊರುವುದೇ ಮೇಲು. ಕರಿಬೇವಿನ ಕಡ್ಡಿಯನ್ನು ನೀರಿನಲ್ಲಿಟ್ಟು ಕಾಯುತ್ತಾ ಕೂರಬೇಡಿ. ಅದಕ್ಕಿಂತ ದೊಡ್ಡ ಗಿಡದ ಬುಡದಲ್ಲಿ ಏಳುವ ಮರಿಗಳನ್ನು ನೆಡುವುದು ಸುಲಭ.

ಆ ಎರಡು ದಾಸವಾಳಗಳು ಈಗ ನಮ್ಮ ಬಾಲ್ಕನಿಯಲ್ಲಿವೆ. ಒಂದರಲ್ಲಿ ಕಳೆದ ತಿಂಗಳು ಹೂ ಬಂತು. ಉಮ್ಮ ಫೋನಿನಲ್ಲಿ ಮೊದಲು ಕೇಳಿದ್ದು ಎಸಳು ಐದೇ ಇದೆಯಾ ಎಂದು. ಇನ್ನೊಂದನ್ನು ಅಣ್ಣನ ಹೊಸ ಮನೆಗೆ ಕಳಿಸಬೇಕು. ಆ ಬಾವಿಕಟ್ಟೆ ಈಗಿಲ್ಲ. ಎಲ್ಲಿ ನೆಡುವುದೆಂದು ಉಮ್ಮ ಇನ್ನೂ ಹೇಳಿಲ್ಲ.